ಸಾಹೇಬರ ತಂಬೂವಿನ ಯಾದಿ

ಮಾಳಮಡ್ಡಿಯ ಆ ಮನೆಯ ಬಾಗಿಲು ತೆರೆದದ್ದೇ ತಡ, ದತ್ತು ಬಾಯಿ ತೆಗೆದು ಉದ್ದಕ್ಕೆ ಒಂದು ಉಸಿರು ಬಿಟ್ಟ. ಬಾಗಿಲಲ್ಲಿ ನಿಂತ ಅಕ್ಕ ತಾರಾಬಾಯಿಯ ಮೂಗಿಗೆ ತಾಗುವಂತೆಯೇ ಬಿಟ್ಟ. ಎರಡು ವರ್ಷಗಳಿಂದ ಅವನು ರೂಢಿ ಮಾಡಿಕೊಂಡ ಮರ್ಯಾದೆ ಇದು. ಕುಡಿತ ಬಿಟ್ಟವನನ್ನು ಜನ ಬಾಯಿಂದ ಕೇಳುವುದಿಲ್ಲ, ಮೂಗಿನಿಂದ ಕೇಳುತ್ತಾರೆ. ಕೊರಳಪಟ್ಟಿ ಸರಿ ಮಾಡುವ ನೆವ, ಕಿವಿಯಲ್ಲಿ ಗುಟ್ಟು ಹೇಳುವ ನೆವ. ಅವರಿಗಾದರೂ ಅಷ್ಟು ತ್ರಾಸು ಏಕೆಂದು ದತ್ತು ತಾನೇ ಮುಂದಾಗಿ ಉಸಿರು ಒಪ್ಪಿಸಿಬಿಡುತ್ತಿದ್ದ. ಕುಡಿತ ಬಿಡುವುದಕ್ಕಿಂತ, ಬಿಟ್ಟಿದ್ದೇನೆಂದು ದಿನಾ ತೋರಿಸುವುದೇ ಹೆಚ್ಚು ದಣಿವಿನ ಕೆಲಸವಾಗಿತ್ತು.

"ಬಾರೋ ಒಳಗ," ಎಂದಳು ತಾರಾಬಾಯಿ. ಮುಖ ಸ್ವಲ್ಪ ಸಡಿಲಾಯಿತು. "ಬಿಸಲಾಗ ಸ್ಟೇಶನ್ನಿಂದ ನಡಕೋತ ಬಂದಿ ಏನು?"

ನಾಲ್ಕು ವರ್ಷವಾಗಿತ್ತು ಅವನು ಈ ಮನೆಯ ಹೊಸ್ತಿಲು ದಾಟಿ. ಹುಬ್ಬಳ್ಳಿಯಲ್ಲಿ ರೇಲ್ವೆ ಸಾಹೇಬರ ಕ್ಲಬ್ಬಿನಲ್ಲಿ ಹನ್ನೆರಡು ವರ್ಷ ಉಗ್ರಾಣ ನೋಡಿಕೊಂಡವನು. ಅಲ್ಲಿಯ ಬಾಟ್ಲಿಗಳನ್ನು ಮೊದಲು ಎಣಿಸಿ, ಆಮೇಲೆ ಮೂಸಿ, ಕೊನೆಗೆ ಕುಡಿದು ಕೆಲಸ ಕಳೆದುಕೊಂಡವನು. ಒಂದು ಗಣೇಶ ಚವತಿಯ ದಿನ ಇದೇ ನಡುಮನೆಯಲ್ಲಿ ಎಲ್ಲರೆದುರಿಗೆ ತೂರಾಡಿ ಬಿದ್ದಿದ್ದ. ಅಂದು ಭಾವ ವೆಂಕಣ್ಣ ರಟ್ಟೆ ಹಿಡಿದು ಹೊರಗೆ ಹಾಕಿದ್ದರು. ತಪ್ಪು ಭಾವನದಲ್ಲವೆಂದು ದತ್ತುಗೂ ಗೊತ್ತಿತ್ತು. ಈಗ ಹತ್ತಿ ವ್ಯಾಪಾರಿ ಶಾಂತಯ್ಯನವರ ಅಂಗಡಿಯಲ್ಲಿ ಪತ್ರ ಬರೆಯುವ ಕೆಲಸ. ಮೊನ್ನೆ ಅಕ್ಕನ ಕಾರ್ಡು ಬಂದಿತ್ತು: ಸುಲಭಾನ ಲಗ್ನ ಗೊತ್ತಾಗಿದೆ, ನಿನ್ನಿಂದ ಒಂದು ಕೆಲಸ ಆಗಬೇಕು, ಲಗೂ ಬಾ.

ಸೋದರಮಾವನಿಂದ ಲಗ್ನದಲ್ಲಿ ಆಗಬೇಕಾದ ಕೆಲಸ ಮತ್ತೇನಿರುತ್ತದೆ? ಮುಹೂರ್ತಕ್ಕೆ ಹುಡುಗಿಯನ್ನು ಎತ್ತಿಕೊಂಡು ಹೋಗಿ ಮಂಟಪದಲ್ಲಿ ಅಂತರಪಟದ ಈಚೆ ನಿಲ್ಲಿಸುವುದು. ತಾರಾಬಾಯಿಗೆ ಒಡಹುಟ್ಟಿದವನು ಇವನೊಬ್ಬನೇ. ಕಾರ್ಡು ಬರುವುದಕ್ಕೂ ಮೊದಲೇ, ಲಗ್ನದ ಸುದ್ದಿ ಕಿವಿಗೆ ಬಿದ್ದ ದಿನದಿಂದಲೇ, ದತ್ತು ದಿನಾ ಮುಂಜಾನೆ ಶಾಂತಯ್ಯನವರ ವಖಾರಿಯಲ್ಲಿ ಹತ್ತಿಕಾಳಿನ ಚೀಲವನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಅಂಗಳದ ಆ ತುದಿಗೆ ಹೋಗಿ ಬರುತ್ತಿದ್ದ. ಮೊದಲು ಕಾಲು ಚೀಲ, ಆಮೇಲೆ ಅರ್ಧ, ಈಗ ಮುಕ್ಕಾಲು. "ಮಾಸ್ತರ, ಪತ್ರಾ ಬರಿಯೂದು ಬಿಟ್ಟು ಹಮಾಲಿ ಮಾಡಾಕತ್ತೀರಲ್ರೀ?" ಎಂದು ಶಾಂತಯ್ಯ ನಗುತ್ತಿದ್ದರು. ದತ್ತು ಕಾರಣ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯ.

ವೆಂಕಣ್ಣನವರು ಪಡಸಾಲೆಯಲ್ಲಿ ಕಾಗದ ಹರವಿಕೊಂಡು ಕೂತಿದ್ದರು. ರೇಲ್ವೆ ಆಫೀಸಿನಲ್ಲಿ ದೊಡ್ಡ ಕಾರಕೂನ. ಲಗ್ನದ ಓಡಾಟಕ್ಕೆ ಮುಖ ಬತ್ತಿತ್ತು, ಎರಡು ದಿನದ ಗಡ್ಡ ಹಾಗೇ ಇತ್ತು. ದತ್ತುವನ್ನು ಕಂಡವರೇ ಚಹಾ ತರಿಸಿದರು, ದಿಂಬು ಸರಿಸಿದರು, ಪ್ರಕೃತಿ ವಿಚಾರಿಸಿದರು. ಇಷ್ಟು ಉಪಚಾರ ನೋಡಿ ದತ್ತುವಿನ ಎದೆ ತುಂಬಿ ಬಂತು. ಆಮೇಲೆ ಅವರು ತಾರಾಬಾಯಿಯನ್ನು ಒಳಗೆ ಕಳಿಸಿ, ದನಿ ತಗ್ಗಿಸಿದರು.

"ದತ್ತು, ಲಗ್ನದ ದಿನ ಸಂಜೀಕೆ ಪಾನಸುಪಾರಿ ಇಟ್ಟೇವಿ. ದೊಡ್ಡ ಸಾಹೇಬರು ತಾವ ಬರತೇನಂದಾರ. ಅವರನ್ನ ಹಿಡದು ಒಂಬತ್ತು ಮಂದಿ ಸಾಹೇಬ್ರು, ಮ್ಯಾಲೆ ನಾಲ್ಕು ಮಂದಿ ಅವರ ಮಡ್ಡಮ್ಮಗೋಳು. ಬೀಗರೂ ಸಾಹೇಬ್ರು ಬರತಾರೇನು ಅಂತ ಎರಡ ಸಲಾ ಕೇಳ್ಯಾರ. ಬರೇ ಅತ್ತರ ಗುಲಾಬ ಕೊಟ್ಟು ಸಾಹೇಬ್ರನ್ನ ಕಳಸಲಿಕ್ಕೆ ಬರಂಗಿಲ್ಲ. ಮುಂದಿನ ತಿಂಗಳು ಸೂಪರಿಂಟೆಂಡೆಂಟ್ ಜಾಗಾ ಖಾಲಿ ಆಗತದ, ನಿನಗ ಗೊತ್ತ ಅದ."

"ಹೂಂ."

"ಹಿತ್ತಲದ ಆಚೆ ಜೋಶಿಯವರ ಖಾಲಿ ಜಾಗಾದಾಗ ಒಂದು ತಂಬೂ ಹೊಡಸ್ತೇನಿ. ಮನೀಗೆ ಸಂಬಂಧ ಇಲ್ಲ. ಆದ್ರ ಎಷ್ಟು ತರಸಬೇಕು ಅನ್ನೂದು ತಿಳೀವಲ್ದು. ಯಾರನ್ನ ಕೇಳಲಿ? ಕೇಳಿದ್ರ ನಾಳೆ ಊರ ತುಂಬ ಆಗತದ."

ಹೀಗೆ ಹೇಳಿ ವೆಂಕಣ್ಣನವರು ಕಾಗದ ಮುಂದೆ ಸರಿಸಿದರು. ಕರೆಸಿದ್ದು ಇದಕ್ಕೆ. ದತ್ತು ಚಹದ ಬಟ್ಟಲು ಕೆಳಗಿಟ್ಟ. ಕೆಳಗಿಡುವಾಗ ಬಸಿಗೆ ಬಡಿದು ಸದ್ದಾಯಿತು; ಅವನ ಬೆರಳು ಈಗಲೂ ಸಣ್ಣಗೆ ನಡುಗುತ್ತಿದ್ದವು. ಇನ್ನೂ ಮಾತು ಮುಗಿದಿಲ್ಲ, ಮಂಟಪದ ಮಾತು ಆಮೇಲೆ ಬಂದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಾಗದ ನೋಡಿದ.

ಜನ್ಮದಲ್ಲಿ ಒಂದು ಹನಿ ಮುಟ್ಟದ ಬ್ರಾಹ್ಮಣ ಮಾಡಿದ ಅಂದಾಜು ಅದು. ಜಿಲೇಬಿ, ಬುಂದಿಗೆ ಹಾಕುವ ಲೆಕ್ಕವನ್ನೇ ಇದಕ್ಕೂ ಹಾಕಿದ್ದರು: ತಲೆಗೊಂದು ಬಾಟ್ಲಿ ವಿಸ್ಕಿ, ಮೇಲೆ ಕಡಿಮೆ ಬೀಳಬಾರದೆಂದು ಅರ್ಧಪಟ್ಟು ಹೆಚ್ಚು. ಒಟ್ಟು ಇಪ್ಪತ್ತು. ದತ್ತುಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು.

"ಭಾವ, ಇಷ್ಟು ಕುಡದ್ರ ಸಾಹೇಬ್ರು ಹೊಳ್ಳಿ ಹುಬ್ಬಳ್ಳಿಗೆ ಹೋಗಂಗಿಲ್ಲ. ನಿಮ್ಮ ಮಂಟಪದಾಗ ಮಲಕೋತಾರ."

"ಹಂಗಂದ್ರ ಎಷ್ಟು? ನೀ ಹೇಳು."

ದತ್ತು ಹೇಳತೊಡಗಿದ. ಹೇಳುತ್ತ ಹೋದಂತೆ ಹಳೆಯ ಉಗ್ರಾಣದ ಕಪಾಟುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಸಾಹೇಬರ ಗಾಡಿ ಬರುವುದು ಆರೂವರೆಗೆ, ಹೊರಡುವುದು ಎಂಟೂವರೆಗೆ. ಹೋಗಿ ಬರುವ ದಾರಿ, ಹಾರ, ಮದುಮಕ್ಕಳ ಭೆಟ್ಟಿ ಕಳೆದರೆ ತಂಬೂವಿನಲ್ಲಿ ಕೂಡುವುದು ಒಂದು ತಾಸು. ದೊಡ್ಡ ಸಾಹೇಬ ವಿಸ್ಕಿ, ತಾಸಿಗೆ ಮೂರು ಪೆಗ್ಗು, ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಹಾಗೇ ಇಟ್ಟು ಹೋಗುತ್ತಾನೆ; ವಿಸ್ಕಿ ಕುಡಿಯುವ ಉಳಿದ ಐವರದೂ ಅದೇ ಲೆಕ್ಕ. ಡಾಕ್ಟರ ಸಾಹೇಬನಿಗೆ ಬ್ರಾಂಡಿ, ಅದೂ ಎರಡೇ. ಫೋರ್‌ಮನ್ ಇಬ್ಬರೂ ಬೀರು ಬಿಟ್ಟರೆ ಬೇರೆ ಮುಟ್ಟುವುದಿಲ್ಲ. ಮಡ್ಡಮ್ಮಗಳಿಗೆ ಒಂದು ಬಾಟ್ಲಿ ಶೆರಿ ಮೇಲಾಗುತ್ತದೆ. ಒಂದು ಬಾಟ್ಲಿಗೆ ಹನ್ನೆರಡು ದೊಡ್ಡ ಪೆಗ್ಗು. ಹದಿಮೂರನೆಯದು ಸುರಿಯುವವನ ಕೈಯನ್ನು ಅವಲಂಬಿಸಿದ್ದು. ಕ್ಲಬ್ಬಿನ ಬಟ್ಲರ್ ಕಮರುದ್ದೀನನನ್ನು ಕರೆಸಿರಿ, ಅವನ ಕೈ ಒಂದು ಹನಿ ಹೆಚ್ಚು ಹಾಕುವುದಿಲ್ಲ. ಅವನೂ ಕುಡಿಯುವವನಲ್ಲ. ಬರ್ಫ ಮಾತ್ರ ಬೇಕಾದಷ್ಟು ಇರಲಿ, ಕಟ್ಟಿಗೆಯ ಹೊಟ್ಟಿನಲ್ಲಿ ಮುಚ್ಚಿ ಹುಬ್ಬಳ್ಳಿಯಿಂದಲೇ ತರಿಸಿರಿ.

"ವಿಸ್ಕಿ ಎರಡು ಬಾಟ್ಲಿ. ಬ್ರಾಂಡಿ ಒಂದು ಅರ್ಧ ಬಾಟ್ಲಿ. ಶೆರಿ ಒಂದು. ಬೀರು ಎಂಟು. ಸೋಡಾ ಎರಡು ಡಝನ್. ಮುಗೀತು."

ವೆಂಕಣ್ಣನವರಿಗೆ ನಂಬಿಕೆಯಾಗಲಿಲ್ಲ. ಇಪ್ಪತ್ತು ಎಲ್ಲಿ, ಎರಡು ಎಲ್ಲಿ. "ಕಡಿಮಿ ಬಿದ್ರ? ಪಂಕ್ತಿಯೊಳಗ ಸಾರು ಕಡಿಮಿ ಬಿದ್ರ ನೀರ ಹಾಕಿ ಕುದಿಸಬಹುದು. ಇದಕ್ಕೇನ ಮಾಡ್ಲಿ? ಇರಲಿ, ವಿಸ್ಕಿ ಐದು ಬರಿ."

"ಹೆಚ್ಚಿಂದು ಏನ್ಮಾಡ್ತೀರಿ? ಬುಂದಿ ಉಳದ್ರ ಓಣಿಗೆ ಹಂಚ್ತೀರಿ. ಇದನ್ನ ಯಾರಿಗೆ ಹಂಚ್ತೀರಿ?"

"ಉಳದ್ರ ನೀ ಇದ್ದಿ ಅಲ್ಲ," ಎಂದರು ವೆಂಕಣ್ಣನವರು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನೂರು ಚಿಂತೆಯ ನಡುವೆ ಒಂದು ಚಿಂತೆ ಬಗೆಹರಿದ ಸಮಾಧಾನದಲ್ಲಿ ಹೇಳಿದ್ದು. ಅದಕ್ಕೇ ದತ್ತುಗೆ ಹೆಚ್ಚು ನೋವಾಯಿತು. ಎರಡು ವರ್ಷ ಅವನು ಮನೆ ಮನೆಯ ಬಾಗಿಲಲ್ಲಿ ಬಿಟ್ಟ ಉಸಿರೆಲ್ಲ ಗಾಳಿಗೆ ಹೋಗಿತ್ತು.

"ಮತ್ತ ಇನ್ನೊಂದು," ವೆಂಕಣ್ಣನವರು ಮುಂದುವರಿಸಿದರು. "ಮಾಲು ಮುಂಜಾನಿ ಗಾಡಿಗೇ ಬಂದುಬಿಡತದ. ಸಂಜೀತನಕಾ ತಂಬೂದಾಗ ಯಾರರೆ ಕಾಯಬೇಕು. ಮನೀ ಮಂದಿ ಆ ಕಡೆ ಕಾಲಿಡಂಗಿಲ್ಲ. ನೀ ಹೆಂಗೂ ಮುಟ್ಟಿದಾವ. ನೀನ ಕೂಡು."

"ಮುಹೂರ್ತ ಮುಂಜಾನಿ ಒಂಬತ್ತೂವರಿಗೆ ಅಲ್ರೀ ಭಾವ?"

"ಹೌದು."

"ಸುಲಭಾನ್ನ ಎತಗೊಂಡು ಹೋಗಾವರು ಯಾರು?"

ವೆಂಕಣ್ಣನವರು ಕಾಗದದ ಅಂಚು ಮಡಿಸಿದರು, ಬಿಡಿಸಿದರು. "ಪುಣೆಯಿಂದ ರಮಾಕಾಂತ ಬರಲಿಕತ್ತಾನ. ನಿಮ್ಮ ಕಾಕಾನ ಮಗ ಅಲ್ಲೇನು? ಅವನೂ ಸೋದರಮಾವನ ಆಗಬೇಕು. ಬೀಗರ ಮಂದಿ ಇರತಾರ, ನೂರು ಕಣ್ಣು. ನಿನ್ನ ಕೈ ನೋಡು ಹೆಂಗ ನಡಗತಾವ. ಹುಡುಗಿ ಕೈತಪ್ಪಿ ಬಿದ್ರ ಅಪಶಕುನ ಅಂತಾರ. ತಾರಾನೂ ಹೂಂ ಅಂದಾಳ."

ಅಕ್ಕನೂ ಹೂಂ ಅಂದಿದ್ದಾಳೆ. ದತ್ತು ತನ್ನ ಕೈ ನೋಡಿಕೊಂಡ. ನಡುಗುತ್ತಿದ್ದದ್ದು ಖರೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕಾಗುತ್ತದೆ. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋದರೆ ಈ ಮನುಷ್ಯ ಇಪ್ಪತ್ತು ಬಾಟ್ಲಿ ತರಿಸಿ ನಗೆಪಾಟಲಾಗುತ್ತಾನೆ, ಹದಿನೆಂಟು ಈ ಮನೆಯ ಹಿತ್ತಲಲ್ಲಿ ಉಳಿಯುತ್ತವೆ. ಟಾಕು ತೆಗೆದುಕೊಂಡು, ನಡುಗುವ ಅಕ್ಷರದಲ್ಲಿ ಯಾದಿ ಬರೆದುಕೊಟ್ಟ. ವಿಸ್ಕಿಯ ಮುಂದೆ ಎರಡು ಎಂದೇ ಬರೆದ.

"ಇಷ್ಟ ತರಸ್ರಿ. ಏನೂ ಉಳ್ಯಂಗಿಲ್ಲ. ಕಾಯಲಿಕ್ಕೆ ಕಮರುದ್ದೀನ ಮುಂಜಾನಿನ ಬರತಾನ, ಪೆಟಗಿ ಕೀಲಿ ಅವನ ಕೈಯಾಗ ಕೊಡ್ರಿ. ನಾ ತಂಬೂದಾಗ ಕೂಡಂಗಿಲ್ಲ, ಭಾವ. ನನ್ನ ಕೈಲೆ ಆಗಂಗಿಲ್ಲ. ಬರೇ ಬರಿಯೂದ್ರಾಗ ನನ್ನ ಬಾಯಿ ಒಣಗೇದ. ಮಂಟಪದಾಗ ಮಂದಿ ಹಿಂದ ನಿಂತು ನಾಲ್ಕು ಅಕ್ಷತಿ ಹಾಕಿ ಹೋಗತೇನಿ."

ವೆಂಕಣ್ಣನವರು ಯಾದಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡರು. ದತ್ತು ಕಾಲು ಮುಖ ತೊಳೆಯುವ ನೆವದಿಂದ ಹಿತ್ತಲಿಗೆ ಹೋದ.

ಬಾವಿಯ ಕಟ್ಟೆಯ ಹತ್ತಿರ ಸುಲಭಾ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಹದಿನೇಳರ ಹುಡುಗಿ. ಮಾವನನ್ನು ನೋಡಿ ಓಡಿಬಂದಳು. ದತ್ತು ರೂಢಿಯಂತೆ ಬಾಯಿ ತೆರೆದು ಉಸಿರು ಬಿಟ್ಟ.

"ಯಾಕ ಮಾಮಾ, ದಣದೀ ಏನು?" ಎಂದಳು ಸುಲಭಾ.

ಆ ಉಸಿರಿಗೆ ಬೇರೊಂದು ಅರ್ಥವಿದೆಯೆಂಬುದೇ ಅವಳಿಗೆ ತಿಳಿದಿರಲಿಲ್ಲ. "ಹೂಂ ಅವ್ವಾ, ದಣದೇನಿ," ಎಂದ ದತ್ತು.

"ಹಂಗಾದ್ರ ನನ್ನ ಹೆಂಗ ಎತಗೋತಿ? ನಾ ಈಗ ಭಾಳ ಭಾರ ಆಗೇನಿ. ಅವ್ವ ದಿನಾ ತುಪ್ಪ ಬಡಸ್ತಾಳ." ಅವಳು ನಗುತ್ತಿದ್ದಳು. ರಮಾಕಾಂತನ ಸುದ್ದಿಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ತಾರಾಬಾಯಿ ನಿಂತಿದ್ದಳು. ದತ್ತು ಅವಳ ಕಡೆ ನೋಡದೆ ಹೇಳಿದ: "ನೀ ಎಷ್ಟ ಭಾರ ಇದ್ರೂ ಹತ್ತಿಕಾಳಿನ ಚೀಲಕ್ಕಿಂತ ಹಗೂರ ಇದ್ದಿ. ಎರಡ ತಿಂಗಳಾತು ನಾ ದಿನಾ ಮುಂಜಾನೆ ಶಾಂತಯ್ಯನವರ ವಖಾರ್ಯಾಗ ಚೀಲ ಎತಗೊಂಡು ಅಡ್ಡಾಡ್ಲಿಕತ್ತೇನಿ. ನಿನ್ನ ಸಲುವಾಗಿ."

ಸುಲಭಾ ಇನ್ನೂ ಜೋರಾಗಿ ನಕ್ಕಳು. ತಾರಾಬಾಯಿ ನಗಲಿಲ್ಲ. ಮಗಳನ್ನು ಯಾವುದೋ ಕೆಲಸ ಹೇಳಿ ಒಳಗೆ ಅಟ್ಟಿ, ಬಾವಿಯ ಹತ್ತಿರ ಬಂದಳು. ದೊಡ್ಡ ತಾಮ್ರದ ಕೊಡಕ್ಕೆ ಕಂಠದವರೆಗೆ ನೀರು ತುಂಬಿದಳು.

"ಇದನ್ನ ಎತಗೋ. ಹುಡುಗೀನ್ನ ಎತಗೋತಾರಲ್ಲ, ಹಂಗ. ತುಳಸಿಕಟ್ಟಿ ಸುತ್ತ ಬಾ."

ದತ್ತು ಅವಳ ಮುಖ ನೋಡಿದ. ನಲವತ್ತೆರಡು ವರ್ಷದ ಗಂಡಸು, ಒಡಹುಟ್ಟಿದ ಅಕ್ಕನೆದುರು ಪರೀಕ್ಷೆ ಕೊಡಬೇಕು. ಆಗುವುದಿಲ್ಲ ಅನ್ನುವಷ್ಟು ಅಭಿಮಾನ ಅವನಲ್ಲಿ ಇನ್ನೂ ಉಳಿದಿತ್ತು. ಆದರೆ ಅಕ್ಕನ ಗದ್ದ ಅದುರುತ್ತಿದ್ದುದನ್ನೂ ಕಂಡ. ಬಾಗಿ ಕೊಡ ಎತ್ತಿಕೊಂಡ.

ಅವನ ಕೈಯ ಗುಣವೇ ಹಾಗೆ. ಬಟ್ಟಲು, ಟಾಕು, ಸೂಜಿ ಹಿಡಿದರೆ ನಡುಗುವುದು; ಭಾರ ಬಿದ್ದರೆ ಗಟ್ಟಿಯಾಗುವುದು. ವಖಾರಿಯಲ್ಲಿ ಅವನಿಗೇ ಗೊತ್ತಾದ ಸಂಗತಿ ಅದು. ಬರಿಗಾಲಿನಲ್ಲಿ, ಬಿಸಿಲಿಗೆ ಕಾದ ಫರಸಿಯ ಮೇಲೆ, ತುಳಸಿಕಟ್ಟೆಯನ್ನು ಪೂರಾ ಸುತ್ತಿ ಬಂದು ಕೊಡವನ್ನು ಅಕ್ಕನ ಕಾಲ ಹತ್ತಿರ ಇಳಿಸಿದ. ನೆಲದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ತಾರಾಬಾಯಿ ಬಗ್ಗಿ, ಅವನು ನಡೆದ ದಾರಿಯನ್ನು ಕಟ್ಟೆಯ ಹಿಂದಿನವರೆಗೂ ನೋಡಿ ಬಂದಳು. ಬಂದು ಸೆರಗು ಬಾಯಿಗೆ ಒತ್ತಿ ಅತ್ತಳು.

"ರಮಾಕಾಂತಗ ನಾನ ಕಾಗದ ಹಾಕತೇನಿ," ಎಂದಳು. "ಇವರಿಗೂ ನಾನ ಹೇಳತೇನಿ. ಅವರು ಒದರಾಡ್ತಾರ, ಒದರಾಡ್ಲಿ. ಹಿಂದಿನ ದಿನಾನ ಬಂದುಬಿಡು."

ದತ್ತು ತಲೆಯಾಡಿಸಿದ. ಖುಷಿಯಾಗಬೇಕಿತ್ತು. ಆದರೆ ಮೈಯಲ್ಲಿ ಇದ್ದದ್ದು ದಣಿವೊಂದೇ. ಹಾಗೇ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟ. ತಾರಾಬಾಯಿ ಸೆರಗಿನಿಂದ ಅವನ ಹಣೆಯ ಬೆವರು ಒರೆಸಲು ಹತ್ತಿರ ಬಂದಳು. ಯಾರಾದರೂ ಇಷ್ಟು ಹತ್ತಿರ ಬಂದರೆ ಏನು ಮಾಡಬೇಕೆಂಬುದು ಅವನಿಗೆ ರೂಢಿಯಾಗಿತ್ತಲ್ಲ, ಬಾಯಿ ತೆರೆದ.

ತಾರಾಬಾಯಿ ತನ್ನ ಒದ್ದೆ ಅಂಗೈಯನ್ನು ಅವನ ಬಾಯಿಗೆ ಅಡ್ಡ ಹಿಡಿದಳು. "ಬ್ಯಾಡೋ ದತ್ತು," ಎಂದಳು. "ಇನ್ನ ಬ್ಯಾಡ."