ಇಪ್ಪತ್ತು ಸೂಜಿ

"ಇದನ್ನೇ ಹೊದಿಸಿ," ಎನ್ನುತ್ತ ಬೇಕರಿಯವನು ಕಂಕುಳಲ್ಲಿದ್ದ ಕೌದಿಯನ್ನು ಬಿಡಿಸಿ ಅಕ್ಕನ ಕಾಲ ಮೇಲೆ ಹರಡತೊಡಗಿದ. ತೀರಿಹೋದ ಹೆಂಡತಿಯ ಬಟ್ಟೆಗಳಿಂದ ಅಕ್ಕನೇ ಅವನಿಗೆ ಹೊಲಿದುಕೊಟ್ಟಿದ್ದ ಕೌದಿ ಅದು.

ತಂಗಿ ಅವನ ಕೈ ತಡೆದಳು. "ಬೇಡಿ, ಅದು ನಿಮ್ಮದು. ಅಕ್ಕ ತನಗೇ ಅಂತ ಒಂದು ಹೊಲೀತಿದ್ಲು. ಒಂದು ಅಂಚಷ್ಟೇ ಬಾಕಿ ಅಂದಿದ್ಲು. ಮುಗಿಸಿ ಹೊದಿಸ್ತೀನಿ."

"ಸ್ಮಶಾನದ ಗಾಡಿ ಬರೋಕೆ ಇನ್ನೊಂದು ಗಂಟೆ ಅಷ್ಟೇ, ತಾಯಿ."

"ಸಾಕು."

ಸತ್ತವರ ಬಟ್ಟೆ ತಂದವರಿಗೆಲ್ಲ ಅಕ್ಕ ಹೇಳುತ್ತಿದ್ದುದು ಒಂದೇ ಮಾತು: ಕಣ್ಣು ಮುಚ್ಚಿ ಮುಟ್ಟಿ. ಕೈ ಎಲ್ಲಿ ನಿಂತಿತೋ ಆ ತುಂಡನ್ನೇ ಕತ್ತರಿಸಿ ಕೌದಿಯ ನಡುವೆ ಇಡುತ್ತಿದ್ದಳು. ಬೇಕರಿಯವನ ಕೈ ಒಂದು ಹರಿದ ಜೇಬಿನ ಮೇಲೆ ನಿಂತಿತ್ತಂತೆ. ಈಗಲೂ ಅವನು ಆ ಜೇಬಿನೊಳಗೆ ಕೈಯಿಟ್ಟುಕೊಂಡೇ ಮಲಗುವುದು; ಹೇಳಿಕೊಳ್ಳಲು ಅವನಿಗೆ ನಾಚಿಕೆಯೇನೂ ಇಲ್ಲ. ಊರಿಗೆಲ್ಲ ತಬ್ಬಿಕೊಳ್ಳಲು ಏನಾದರೊಂದು ಹೊಲಿದುಕೊಟ್ಟವಳ ಮಂಚದ ಮೇಲೆ ಮಾತ್ರ ಅಂಗಡಿಯಿಂದ ತಂದ ಕಂಬಳಿ.

*

ಮೂರು ವರ್ಷದ ಹಿಂದೆ ಅಕ್ಕನ ಕಣ್ಣು ಮಂಜಾಯಿತು. ಅಂದಿನಿಂದ ಪ್ರತಿ ಭಾನುವಾರ ತಂಗಿ ಬಂದು, ವಾರಕ್ಕಾಗುವಷ್ಟು, ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಪುಟ್ಟ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು.

"ಎಂಥಾ ಗಂಟೇ ಇದು, ಹಸು ಕಟ್ಟೋಕಾ?"

"ಬಿಚ್ಚಿಹೋಗದಿದ್ರೆ ಸಾಲದಾ?"

"ಕೂತ್ಕೊಳ್ಳೇ, ಟೀ ಮಾಡ್ತೀನಿ."

"ಹೊತ್ತಾಯ್ತಕ್ಕ. ನಂಗೆ ನೂರೆಂಟು ಕೆಲಸ."

ಕೂತರೆ ಮಾತು ಬರುತ್ತದೆ, ಮಾತಿನ ಹಿಂದೆ ಅಕ್ಕನ ಒಂಟಿತನವೂ ಬರುತ್ತದೆ. ತಂಗಿಗೆ ಅದರದೇ ಭಯ. ಚಪ್ಪಲಿಯನ್ನೂ ಬಿಡದೆ ನಿಂತೇ ಪೋಣಿಸುತ್ತಿದ್ದಳು. ಅವಳಿಗೆಂದು ಅಕ್ಕ ಕಿಟಕಿಯ ಬಳಿ ಹಾಕಿಟ್ಟ ಕುರ್ಚಿ ಹಾಗೇ ಇರುತ್ತಿತ್ತು.

*

ದಿಂಬು ಕಿಟಕಿಯ ಬಳಿಯೇ ಇತ್ತು. ಇಪ್ಪತ್ತೂ ಸೂಜಿಗಳಿಂದ ದಾರ ಉದ್ದಕ್ಕೆ ಜೋತುಬಿದ್ದಿತ್ತು. ಇವತ್ತು ಶುಕ್ರವಾರ. ಭಾನುವಾರದಿಂದ ಒಂದನ್ನೂ ಮುಟ್ಟಿಲ್ಲವೇ?

ಬೀರುವಿನಿಂದ ಕೌದಿ ತೆಗೆದಳು. ಮಡಿಕೆಗಳಲ್ಲಿ ಧೂಳು ಕೂತಿತ್ತು. ಒಂದು ಅಂಚಲ್ಲ, ಅರ್ಧಕ್ಕರ್ಧ ಬಾಕಿ.

"ಅವರು ಹೊಲಿಗೆ ಬಿಟ್ಟು ವರ್ಷವಾಯ್ತಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ, ಅಕ್ಕನಿಗೆ ಚುಚ್ಚುಮದ್ದು ಕೊಡಲು ಬರುತ್ತಿದ್ದ ನರ್ಸ್. "ಬೆರಳ ತುದಿಯೆಲ್ಲ ಜೋಮು. ಮುಟ್ಟಿದ್ದೇ ತಿಳೀತಿರ್ಲಿಲ್ಲ. ನಿಮಗೆ ಹೇಳಿರ್ಲಿಲ್ವಾ?"

"ಮತ್ತೆ ನಾನು ವಾರವಾರ ಪೋಣಿಸಿದ್ದು?"

ನರ್ಸ್‌ಗೆ ಅದು ಗೊತ್ತಿರಲಿಲ್ಲ. ತಂಗಿ ಕತ್ತರಿಗೆಂದು ಬಿಸ್ಕತ್ತಿನ ಡಬ್ಬಿ ತೆರೆದಳು. ತುಂಬ ದಾರ. ಒಂದೇ ಅಳತೆಯ ತುಂಡುಗಳು, ಪ್ರತಿಯೊಂದರ ತುದಿಯಲ್ಲೂ ಅವಳದೇ ದಪ್ಪ ಗಂಟು. ಒಂದೂ ಬಟ್ಟೆಯೊಳಗೆ ಹೋಗಿ ಬಂದಿರಲಿಲ್ಲ. ಜೋಮು ಹಿಡಿದ ಬೆರಳುಗಳಲ್ಲೇ ಅಕ್ಕ ವಾರವಾರವೂ ಇಪ್ಪತ್ತು ದಾರ ಎಳೆದು, ಭಾನುವಾರಕ್ಕೆ ಸೂಜಿ ಖಾಲಿ ಮಾಡಿಟ್ಟಿದ್ದಳು. ಈ ವಾರ ಅದಕ್ಕೆ ಮೊದಲೇ ಹೋಗಿಬಿಟ್ಟಳು.

ತಂಗಿ ಡಬ್ಬಿಯ ಮುಚ್ಚಳ ಹಾಕಿದಳು. "ಅರ್ಧದ್ದನ್ನೇ ಹೊದಿಸಿ," ಎಂದು ಕೌದಿಯನ್ನು ನರ್ಸ್ ಕೈಗಿತ್ತಳು.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. "ಹೊತ್ತಾಯ್ತು, ತಾಯಿ!" ಬೇಕರಿಯವನು ಕೂಗಿದ.

ಅವಳು ಚಪ್ಪಲಿ ಬಿಟ್ಟು ಆ ಕುರ್ಚಿಯಲ್ಲಿ ಕೂತಳು. ಮೊದಲ ಸೂಜಿಯ ದಾರ ಎಳೆದು ತೆಗೆದಳು. ತುದಿಯನ್ನು ನಾಲಿಗೆಗೆ ತಾಗಿಸಿ ಮತ್ತೆ ಪೋಣಿಸಿದಳು.

"ಇರಿ," ಎಂದಳು. "ಇನ್ನೂ ಹತ್ತೊಂಬತ್ತಿವೆ."