ಎರಡನೇ ನಂಬರಿನ ರೀಡು

"ಇವತ್ತು ನಿನ್ನ ಆ ಹಳೇ ಡಬ್ಬಿ ಬೇಡ ಕಣೋ," ಎನ್ನುತ್ತ ಭಾವ ರೀಡುಗಳ ಹೊಸ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ. "ಮಧ್ಯಾಹ್ನ ಮೂರು ಗಂಟೆಗೆ ಹೋಟೆಲಲ್ಲಿ ಊದಿ ತೋರಿಸೋ ಪರೀಕ್ಷೆ. ಇಂಥ ದಿನ ಸೀಲು ಒಡೆಯದೇ ಇರೋ ಮಾಲು ಇರಲಿ ಅಂತ ದೊಡ್ಡ ಅಂಗಡಿಗೆ ಹೋಗಿ ನಾನೇ ತಂದೆ. ನಾಲ್ಕನೇ ನಂಬರು."

ಸ್ಕ್ರೂಡ್ರೈವರ್ ಹಿಡಿದಿದ್ದವನ ಕೈ ಅಲ್ಲೇ ನಿಂತಿತು. ವಾದ್ಯ ರಿಪೇರಿ ಮಾಡುವ ಅವನನ್ನು ಬ್ಯಾಂಡಿನವರೆಲ್ಲ ಸ್ಕ್ರೂ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಪೆಟ್ಟಿಗೆಯ ಮೇಲಿನ ನಾಲ್ಕು ಎಂಬ ಅಂಕಿ ಕಂಡದ್ದೇ ತಡ, ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

ಸ್ಯಾಕ್ಸೊಫೋನಿನ ತುದಿಯಲ್ಲಿ ಬಾಯಿಗೆ ಸಿಗುವ ಭಾಗವಿದೆಯಲ್ಲ, ಆ ಮೌತ್‌ಪೀಸಿಗೆ ಬೆರಳುದ್ದದ ಜೊಂಡಿನ ಪಟ್ಟಿಯೊಂದನ್ನು ಬಿಗಿಯುತ್ತಾರೆ. ಅದೇ ರೀಡು. ನಂಬರು ಏರಿದಷ್ಟೂ ಅದು ಗಟ್ಟಿ, ಗಟ್ಟಿಯಾದಷ್ಟೂ ಉಸಿರು ಜಾಸ್ತಿ ಬೇಕು. ಊದುವವರಿಗೆ ಆ ನಂಬರೆಂದರೆ ಮೀಸೆ ಇದ್ದ ಹಾಗೆ. ಇಬ್ಬರು ಊದುವವರು ಎದುರಾದರೆ ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳುವುದಕ್ಕೂ ಮೊದಲು "ಎಷ್ಟನೇ ನಂಬರು?" ಎಂದು ಕೇಳಿಕೊಳ್ಳುತ್ತಾರೆ. ಹೋಟೆಲಿನ ಊಟದ ಹಾಲಿನಲ್ಲಿ ಸ್ಯಾಕ್ಸೊಫೋನ್ ಊದುವ ಭಾವ ಇಪ್ಪತ್ತೆಂಟು ವರ್ಷದಿಂದ "ನಾಲ್ಕು" ಎಂದೇ ಹೇಳುತ್ತ ಬಂದಿದ್ದರು. ಹೇಳುವಾಗ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು.

ಮೂರು ವರ್ಷದ ಕೆಳಗೆ ಶ್ವಾಸಕೋಶದ ಕಾಯಿಲೆಯಾಗಿ ಅವರು ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದ ಹದಿನೈದು ದಿನಕ್ಕೆ ಅಕ್ಕ ಅಂಗಡಿಗೆ ಬಂದು ಸ್ಕ್ರೂನ ಕೈ ಹಿಡಿದುಕೊಂಡಿದ್ದಳು. "ಊದೋಕೆ ಕೂತ್ರೆ ಬರೀ ಗಾಳಿ ಬರುತ್ತೆ ಕಣೋ. ವಾದ್ಯ ಮುಚ್ಚಿಟ್ಟು ಗೋಡೆ ನೋಡ್ತಾ ಕೂತ್ಕೋತಾರೆ. ಏನಾದ್ರೂ ಮಾಡು. ಆದ್ರೆ ಅವರಿಗೆ ಗೊತ್ತಾಗಬಾರದು."

ಅವನು ಮಾಡಿದ. ತೊಳೆದುಕೊಡುತ್ತೇನೆಂದು ಮೌತ್‌ಪೀಸು ಇಸಿದುಕೊಂಡು ಅದರ ಬಾಯಿಯನ್ನು ಕೂದಲೆಳೆಯಷ್ಟು ಕಿರಿದಾಗುವ ಹಾಗೆ ಅರ ಹಾಕಿದ, ಕಡಿಮೆ ಉಸಿರಿಗೂ ಸ್ವರ ಹೊರಡಲೆಂದು. ರೀಡನ್ನು ನಾಲ್ಕರಿಂದ ಮೂರೂವರೆಗೆ, ಮೂರಕ್ಕೆ, ಕೊನೆಗೆ ಎರಡಕ್ಕೆ ಇಳಿಸಿದ. ನಿಜವಾದ ನಂಬರನ್ನು ಮರಳುಕಾಗದದಿಂದ ಉಜ್ಜಿ, ಅದಕ್ಕೆಂದೇ ಮಾಡಿಸಿದ ರಬ್ಬರ್ ಮುದ್ರೆಯಿಂದ ನಾಲ್ಕು ಎಂದು ಒತ್ತಿದ. "ನೋಡ್ದೇನೋ, ಉಸಿರು ವಾಪಸ್ ಬಂತು!" ಎಂದು ಭಾವ ಮಗುವಿನ ಹಾಗೆ ಕುಣಿದಾಡಿದ್ದರು. ಅಂದಿನಿಂದ ಪ್ರತಿ ಶುಕ್ರವಾರ ಉಜ್ಜುವುದು, ಒತ್ತುವುದು, ಹಳೆಯ ಡಬ್ಬಿಗೆ ತುಂಬಿಡುವುದು. ಸುಳ್ಳು ಒಂದು ಸಲ ಹೇಳಿದರೆ ಮುಗಿಯುತ್ತದೆ ಎಂದುಕೊಂಡಿದ್ದ ಪಾಪ. ಇದು ವಾರವಾರವೂ ಬಾಕಿ ಇರುವ ಕೆಲಸವಾಗಿ ಕೂತಿತು.

"ಹೊಸಾ ರೀಡು ಪಳಗಿರಲ್ಲ ಭಾವ. ಪರೀಕ್ಷೆ ದಿನ ಯಾಕೆ ಬೇಕು ತಲೆನೋವು?" ಎಂದ.

"ನೀನು ನಂಗೆ ರೀಡಿನ ಪಾಠ ಹೇಳ್ಕೊಡ್ತೀಯಾ? ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಊದ್ತಿದೀನಿ." ಭಾವ ಉಗುರಿನಿಂದ ಪ್ಲಾಸ್ಟಿಕ್ ಹರಿದು, ರೀಡೊಂದನ್ನು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಒದ್ದೆ ಮಾಡತೊಡಗಿದರು.

ಒಂದು ಗಂಟೆ ಕೊಡಿ, ಕೆರೆದು ಹದ ಮಾಡಿಕೊಡುತ್ತೇನೆ ಎನ್ನಬಹುದಿತ್ತು. ಹಿಂದೆ ಎಷ್ಟು ಸಲ ಅಂದಿರಲಿಲ್ಲ! ಆದರೆ ಆ ದಿನ ಮಾತು ಗಂಟಲಿಗೆ ಬಂದು, ಯಾಕೋ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತು.

"ಭಾವ, ಅದು ನಿಮ್ಮ ಕೈಲಿ ಆಗಲ್ಲ. ನೀವು ಇಷ್ಟು ದಿನ ಊದ್ತಿರೋದು ಎರಡು."

ಭಾವ ನಕ್ಕರು. ನಗುತ್ತಲೇ ರೀಡು ಬಿಗಿದು ಊದಿದರು. ಹುಸ್ಸೆಂದು ಗಾಳಿ ಬಂತು. ಇನ್ನೊಮ್ಮೆ ಊದಿದರು. ಕತ್ತಿನ ನರ ಉಬ್ಬಿ, ಮುಖ ಕೆಂಪಾಗಿ, ಕೆಮ್ಮು ಹತ್ತಿಕೊಂಡಿತು. ಸ್ಕ್ರೂ ತಂದುಕೊಟ್ಟ ನೀರನ್ನು ಅವರು ಕುಡಿಯದೆ ಪಕ್ಕಕ್ಕಿಟ್ಟರು.

"ಎಷ್ಟು ದಿನದಿಂದ?"

"ಮೂರು ವರ್ಷ."

"ನಿಮ್ಮಕ್ಕಂಗೂ ಗೊತ್ತು ಅನ್ನು." ಸ್ಕ್ರೂ ಹೌದೆಂದು ತಲೆಯಾಡಿಸಿದ. "ಸರಿಹೋಯ್ತು. ಹೋದ ತಿಂಗಳು ಒಬ್ಬರು ಊಟ ಮಾಡ್ತಿದ್ದೋರು ಎದ್ದು ಬಂದು, ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ರು. ಆ ಸ್ವರ ಯಾರದೋ? ನಂದಾ, ನಿನ್ನ ಅರದ್ದಾ?"

"ನಿಮ್ದೇ ಭಾವ," ಎಂದ. ಮೂರು ವರ್ಷ ಮುದ್ರೆ ಒತ್ತಿದವನ ಮಾತು ಅದು. ಅವನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

"ಎರಡೇ ಕೊಡು," ಎಂದರು ಭಾವ ಕೊನೆಗೆ. "ನಂಬರು ಉಜ್ಜಬೇಡ."

ಹೋಟೆಲಿನವರು ಇದ್ದ ಇಬ್ಬರಲ್ಲಿ ಒಬ್ಬ ಸ್ಯಾಕ್ಸೊಫೋನಿನವನನ್ನು ಮಾತ್ರ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ್ದರು. ಇನ್ನೊಬ್ಬ ಮೂವತ್ತೈದರ ಗಡ್ಡದವನು, ಎದೆಯೋ ಕಮ್ಮಾರನ ತಿದಿಯೋ ಎನ್ನುವ ಹಾಗಿದ್ದ. ಖಾಲಿ ಊಟದ ಹಾಲಿನಲ್ಲಿ ಮ್ಯಾನೇಜರ್ ಎದುರು ಭಾವ ಊದಿದ್ದನ್ನು ಸ್ಕ್ರೂ ಬಾಗಿಲಲ್ಲಿ ನಿಂತು ಕೇಳಿದ. ಮೊದಲೆಲ್ಲ ನಾಲ್ಕು ಎಂದು ನಂಬಿ ಇದ್ದ ಉಸಿರನ್ನೆಲ್ಲ ಸುರಿಯುತ್ತಿದ್ದರು, ಆ ಉಸಿರು ಎರಡಕ್ಕೆ ಸರಿಯಾಗಿ ಸಾಕಾಗುತ್ತಿತ್ತು. ಅವತ್ತು ಎರಡು ಎಂದು ತಿಳಿದ ಮೇಲೆ ಒದ್ದೆ ನೆಲದ ಮೇಲೆ ನಡೆಯುವವರ ಹಾಗೆ ಅಳೆದು ಅಳೆದು ಊದಿದರು. ಸ್ವರ ದಾರದಂತೆ ಸಣ್ಣಗಾಯಿತು. ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಕೆಲಸ ಗಡ್ಡದವನಿಗಾಯಿತು. ಭಾವ ಅವನ ಬೆನ್ನು ತಟ್ಟಿ, ಸ್ಕ್ರೂನ ಕಡೆ ತಿರುಗಿಯೂ ನೋಡದೆ ಹೊರಟುಹೋದರು.

ಮೂರು ಶುಕ್ರವಾರ ಕಳೆದರೂ ಅವರು ಅಂಗಡಿಗೆ ಬರಲಿಲ್ಲ. ನಾಲ್ಕನೆಯದಕ್ಕೆ ಅಕ್ಕ ಬಂದಳು. ಕರವಸ್ತ್ರದಲ್ಲಿ ಸುತ್ತಿದ್ದ ಮೌತ್‌ಪೀಸನ್ನು ಮೇಜಿನ ಮೇಲಿಟ್ಟಳು. "ಯಾರಿಗಾದ್ರೂ ಕೊಟ್ಬಿಡು ಅಂದ್ರು. ವಾದ್ಯ ಮಂಚದ ಕೆಳಗೆ ಸೇರಿದೆ. ಮೂರು ವರ್ಷ ಮುಚ್ಚಿಟ್ಟೋನು, ಇನ್ನೊಂದು ದಿನ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೋ ನಿಂಗೆ?"

"ಸುಸ್ತಾಗಿತ್ತಕ್ಕ."

ಬೈಯಲು ಬಾಯಿ ತೆರೆದವಳು ಹಾಗೇ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. "ನಂಗೂ ಕಣೋ," ಎಂದಳು.

ಅದಾದ ವಾರಕ್ಕೆ ಗಡ್ಡದವನು ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಬಂದು ನಿಂತಿದ್ದ. ಚೀಲದಿಂದ ಮೌತ್‌ಪೀಸುಗಳನ್ನು ತೆಗೆತೆಗೆದು ಮೇಜಿನ ಮೇಲೆ ಸುರಿದ. ಲೋಹದ್ದು, ಗಾಜಿನದು, ಮರದ್ದು, ಕರಿ ರಬ್ಬರಿನದೇ ಮೂರು.

"ಎಲ್ಲಾ ಹಾಕಿ ನೋಡ್ದೆ ಸ್ಕ್ರೂ ಅಣ್ಣ. ಲೋಹದ್ದು ಕಿರುಚುತ್ತೆ, ರಬ್ಬರಿನದು ಗೊಣಗುತ್ತೆ. ಊಟಕ್ಕೆ ಬರೋರೆಲ್ಲ ಆ ಹಳೇ ಸ್ವರ ಎಲ್ಲೋಯ್ತು ಅಂತ ಕೇಳ್ತಾರೆ. ಮ್ಯಾನೇಜರ್ ದಿನಾ ಪ್ರಾಣ ತಿಂತಾನೆ, ದೊಡ್ಡೋರ ಥರ ಊದು ಅಂತ. ಅವರು ಏನು ಹಾಕ್ತಿದ್ರು ಹೇಳಿಬಿಡಿ, ನಿಮ್ಮ ದಮ್ಮಯ್ಯ."

ಸ್ಕ್ರೂ ಅವನ ಮುಖ ನೋಡಿದ. ಆಮೇಲೆ ಕಪಾಟು ತೆಗೆದು, ಭಾವನ ಮೌತ್‌ಪೀಸನ್ನು ಬಿಸಿನೀರಲ್ಲಿ ತೊಳೆದು ಒರೆಸಿ, ಹೊಸ ರೀಡೊಂದನ್ನು ಬಿಗಿದು ಅವನ ಕೈಗಿಟ್ಟ.

ಗಡ್ಡದವನು ಅಂಕಿ ನೋಡಿ ಹುಬ್ಬೇರಿಸಿದ. "ಎರಡಾ? ಬೆಳಬೆಳಿಗ್ಗೆ ತಮಾಷೆ ಮಾಡ್ಬೇಡಿ."

"ಮೊದ್ಲು ಊದು."

ಅವನು ಎದೆ ತುಂಬ ಗಾಳಿ ಎಳೆದುಕೊಂಡು ಊದಿದ. ಆ ರಭಸಕ್ಕೆ ರೀಡು ಮೌತ್‌ಪೀಸಿಗೆ ಅಂಟಿಕೊಂಡು ಸ್ವರ ಉಸಿರುಗಟ್ಟಿ ನಿಂತಿತು. ಕಡಿಮೆ ಮಾಡಿ ಊದಿದ. ಬಾತುಕೋಳಿಯ ಕೂಗು. ಹಲ್ಲು ಕಚ್ಚಿ ಊದಿದ. ಎದುರು ಅಂಗಡಿಯವರು ಹೊರಗೆ ಇಣುಕುವಂಥ ಕಿರುಚಾಟ.

"ಇದ್ರಲ್ಲಿ ಏನೂ ಇಲ್ವಲ್ಲಣ್ಣ!" ಎಂದ ಕಂಗಾಲಾಗಿ.

"ಏನೂ ಇಲ್ಲ," ಎಂದ ಸ್ಕ್ರೂ. ಫೋನು ತೆಗೆದು ಭಾವನ ನಂಬರು ಒತ್ತಿದ. ಬಹಳ ಹೊತ್ತು ರಿಂಗಾದ ಮೇಲೆ ಒಣ ದನಿ ಕೇಳಿಸಿತು. "ಏನೋ?"

"ಇಡಬೇಡಿ ಭಾವ. ಸ್ವಲ್ಪ ಕೇಳಿ." ಫೋನನ್ನು ಸ್ಯಾಕ್ಸೊಫೋನಿನ ಬಾಯಿಗೆ ಹಿಡಿದು, "ಊದು, ನಿಲ್ಲಿಸ್ಬೇಡ," ಎಂದ ಗಡ್ಡದವನಿಗೆ. ಅವನು ಪೆಚ್ಚುಪೆಚ್ಚಾಗಿ ಹೋಟೆಲಿನಲ್ಲಿ ಭಾವ ದಿನವೂ ನುಡಿಸುತ್ತಿದ್ದ ಮೊದಲ ಹಾಡನ್ನು ಎತ್ತಿಕೊಂಡ. ಹಾಡಿನ ತುಂಬ ಬಾತುಕೋಳಿಗಳೇ. ಅವನಿಗೇ ನಾಚಿಕೆಯಾಗಿ ನಡುವೆಯೇ ಬಿಟ್ಟುಬಿಟ್ಟ.

ಸ್ಕ್ರೂ ಫೋನು ಕಿವಿಗಿಟ್ಟುಕೊಂಡ. "ನಿಮ್ಮದೇ ಮೌತ್‌ಪೀಸು ಭಾವ. ಎರಡನೇ ನಂಬರೇ. ಊದಿದ್ದು ನಿಮ್ಮ ಗಡ್ಡದವನು."

ಆ ಕಡೆಯಿಂದ ಉಸಿರಾಟ ಮಾತ್ರ ಕೇಳುತ್ತಿತ್ತು, ಎಳೆದೆಳೆದು ಬರುವ ಅರ್ಧ ಉಸಿರು. ಫೋನು ಇಟ್ಟೇಬಿಡುತ್ತಾರೆ ಎಂದುಕೊಂಡ.

"ಅವನಿಗೆ ಹೇಳು," ಎಂದರು ಭಾವ. "ಕೆಳತುಟಿ ಅಷ್ಟು ಬಿಗಿ ಹಿಡೀಬಾರದು. ಗಂಟಲು ತೆರೀಬೇಕು, ಆಕಳಿಕೆ ಬಂದಾಗ ತೆರೆಯುತ್ತಲ್ಲ, ಹಾಗೆ. ಇನ್ನೊಂದ್ಸಲ ಊದಿಸು, ಕೇಳ್ತೀನಿ."

ಫೋನಿನ ಆ ತುದಿಯಲ್ಲಿ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.