ಬಿಸಿಲು ಕಂಡರಾಗದ ಅಕ್ಷರ

ನಾನೊಂದು ಲೇಬಲ್ ಮುದ್ರಿಸುವ ಯಂತ್ರ. ಕಾರ್ಖಾನೆಯಲ್ಲಿ ಹುಟ್ಟಿದಾಗಲೇ ನನ್ನ ಹೊಟ್ಟೆಯಲ್ಲಿ ಶಾಯಿ ಇರಲಿಲ್ಲ. ತಲೆಯಲ್ಲಿ ನೂರಾರು ಪುಟ್ಟ ಬಿಸಿ ಚುಕ್ಕೆಗಳಿವೆ. ಅವು ಮುಟ್ಟಿದಲ್ಲಿ ಲೇಪನವಿರುವ ಕಾಗದ ಕಪ್ಪಾಗುತ್ತದೆ. ಅಷ್ಟೇ ನನ್ನ ವಿದ್ಯೆ.

ನನ್ನನ್ನು ಕೊಂಡವರು ಧಾರವಾಡದಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ನೀಲಗಂಗವ್ವ. ಅವರ ಗಂಡ ಮಹಾರುದ್ರಪ್ಪ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. "ಶಾಯಿ ಬ್ಯಾಡ, ರಿಬ್ಬನ್ ಬ್ಯಾಡ. ಬರೇ ಬಿಸಿ ಮ್ಯಾಲೆ ಬರೀತೈತಿ ನೋಡ್ರಿ!" ನಾನೂ ಉಬ್ಬುತ್ತಿದ್ದೆ.

ಆ ಬೇಸಿಗೆಯಲ್ಲಿ ಜೈನರ ಮದುವೆಯೊಂದಕ್ಕೆ ಬೆಳ್ಳುಳ್ಳಿ ಸೋಂಕದ ಆರು ಭರಣಿ ನಿಂಬೆ ಉಪ್ಪಿನಕಾಯಿ ಬೇಕಾಯಿತು. ಅಂಗಡಿಗೆಂದು ಬೆಳ್ಳುಳ್ಳಿ ಅರೆದು ಹಾಕಿದ್ದು ಇನ್ನಾರು. ನೋಟಕ್ಕೆ ಎಲ್ಲವೂ ಒಂದೇ. ನೀಲಗಂಗವ್ವ ಎಣ್ಣೆಗೈಯಲ್ಲೇ ಹನ್ನೆರಡಕ್ಕೂ ನನ್ನ ಲೇಬಲ್ ಅಂಟಿಸಿ, ವಾಡಿಕೆಯಂತೆ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ನನ್ನ ಅಕ್ಷರಕ್ಕೆ ಬಿಸಿಲೂ ಆಗದು, ಎಣ್ಣೆಯೂ ಆಗದು. ನನ್ನನ್ನು ಕೇಳಿದವರಾರು?

ಮದುವೆಯ ಹಿಂದಿನ ದಿನ ಭರಣಿಗಳನ್ನು ಇಳಿಸಿದರೆ ಹನ್ನೆರಡು ಲೇಬಲ್ಲೂ ಖಾಲಿ.

"ಮೂಸಿ ನೋಡ್ರಲ್ಲ!" ಎಂದರು ನೀಲಗಂಗವ್ವ.

"ಇಪ್ಪತ್ತು ವರ್ಷ ನಶ್ಯ ಏರಿಸಿದ ಮೂಗು ಇದು. ನೀನ ಮೂಸು."

"ನೆಗಡಿ ಆಗಿ ನನ್ನ ಮೂಗು ಕಟ್ಟೇತಿ, ನಾಲಿಗಿಗೂ ರುಚಿ ಹತ್ತವಲ್ದು. ಒಂದ ಭರಣಿ ತಪ್ಪಿದ್ರ ಆ ಮಂದಿ ನಮ್ಮ ಮನಿ ನೀರೂ ಮುಟ್ಟಂಗಿಲ್ಲ!"

ಸಿಟ್ಟಿನಲ್ಲಿ ಒಂದು ಲೇಬಲ್ ಕಿತ್ತು ಮೇಜಿಗೆ ಬಡಿದರು. ಅಲ್ಲಿ ಮಹಾರುದ್ರಪ್ಪ ಮದುವೆಗೆ ಹಾಕುವ ಅಂಗಿಗೆ ಇಸ್ತ್ರಿ ತಿಕ್ಕುತ್ತಿದ್ದರು. ಲೇಬಲ್ ಅಂಗಿಯಡಿ ಸೇರಿತು. ಅಂಗಿ ಎತ್ತಿದಾಗ ಕಾಗದವೆಲ್ಲ ಕಪ್ಪು. ನಡುವೆ, ಮೊದಲೇ ನನ್ನ ಬಿಸಿ ತಾಗಿ ಲೇಪನ ಕೆಟ್ಟುಹೋದ ಜಾಗದಲ್ಲಷ್ಟೇ, ಬಿಳಿಚಿದ ಅಕ್ಷರ: ಬೆಳ್ಳುಳ್ಳಿ ಇಲ್ಲ.

"ಏ ಇಕಿನ! ಓದಾಕ ಬಂತು!" ಎಂದು ಮಹಾರುದ್ರಪ್ಪ ಹೆಂಡತಿಯನ್ನು ಕೂಗಿದರು.

ಉಳಿದ ಹನ್ನೊಂದನ್ನೂ ಒಂದೊಂದಾಗಿ ಕಿತ್ತು ಅಂಗಿಯಡಿ ಇಟ್ಟು ತಿಕ್ಕಿದರು. ಹನ್ನೆರಡನೆಯದೂ ಮಾತಾಡುವ ಹೊತ್ತಿಗೆ ಅಂಗಿಯ ಬೆನ್ನು ಸುಟ್ಟಿತ್ತು. ಸರಿಯಾದ ಆರು ಭರಣಿಗಳು ಮದುವೆಗೆ ಹೋದವು. ಮಹಾರುದ್ರಪ್ಪ ಆ ಸೆಕೆಯಲ್ಲೂ ಕೋಟು ಬಿಚ್ಚಲಿಲ್ಲ.

ಮರುತಿಂಗಳು ರಿಬ್ಬನ್ನಿನ ಯಂತ್ರ ಬಂತು. ಅದರ ತಲೆಯೂ ಬಿಸಿಯೇ, ಆದರೆ ಅದು ರಿಬ್ಬನ್ನಿನ ಮಸಿ ಕರಗಿಸಿ ಪ್ಲಾಸ್ಟಿಕ್ ಲೇಬಲ್ಲಿಗೆ ಅಂಟಿಸುತ್ತದೆ. ಬಿಸಿಲಿಗೂ ಎಣ್ಣೆಗೂ ಜಗ್ಗದು. ರಿಬ್ಬನ್ ಮುಗಿದ ದಿನ ಮಾತ್ರ ಮೂಕ.

ನನಗೀಗ ವಯಸ್ಸಾಗಿದೆ. ತಲೆಯ ಎರಡು ಚುಕ್ಕೆ ಸತ್ತು ಅಕ್ಷರಗಳ ನಡುವೆ ಬಿಳಿ ಗೆರೆ ಬೀಳುತ್ತದೆ. ಕೊರಿಯರ್ ವಿಳಾಸ ಬರೆಯುತ್ತ ಮೂಲೆಯ ಕಪಾಟಿನಲ್ಲಿದ್ದೇನೆ. ಪೊಟ್ಟಣ ಮನೆ ಮುಟ್ಟುವ ನಾಲ್ಕು ದಿನ ನನ್ನ ಅಕ್ಷರ ಬಾಳಿದರೆ ಸಾಕು. ಅಷ್ಟು ಆಯುಸ್ಸಿನ ಕೆಲಸಗಳೂ ಲೋಕದಲ್ಲಿ ಬೇಕಾದಷ್ಟಿವೆ. ಪಕ್ಕದಲ್ಲೇ ಇಸ್ತ್ರಿಪೆಟ್ಟಿಗೆ ಇದೆ. ಮಹಾರುದ್ರಪ್ಪ ಈಗ ಬಂದವರಿಗೆ ನಮ್ಮಿಬ್ಬರನ್ನೂ ತೋರಿಸುತ್ತಾರೆ:

"ಇದು ಬರೀತೈತಿ, ಇದು ಓದತೈತಿ."